ಅಪ್‌ಡೇಟ್ ಆದ ಮೇಲೆ ಲಾಗ್‌ಬುಕ್ ಆ್ಯಪ್‌ನಲ್ಲಿ ಒಟ್ಟು ಗಂಟೆಗಳೇ ಬದಲಾಗಿವೆ, ಯಾವ ಲೆಕ್ಕ ನಂಬಬೇಕು?

ಬಲಸೀಟು

ಎಲ್ಲರಿಗೂ ನಮಸ್ಕಾರ. ಈ ವಾರ ಪೂರ್ತಿ ಇದರಲ್ಲೇ ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪೈಲಟ್ ಟ್ರೈನಿಂಗ್ ಶುರುವಾದಾಗಿನಿಂದ ಹಾರಾಟಗಳನ್ನು ಬರೆದಿಡಲು ಒಂದೇ ಲಾಗ್‌ಬುಕ್ ಆ್ಯಪ್ ಬಳಸುತ್ತಿದ್ದೇನೆ. ಹೆಸರು ಬೇಡ. ಮೊನ್ನೆ ಅದಕ್ಕೆ ದೊಡ್ಡ ಅಪ್‌ಡೇಟ್ ಬಂತು. ಹಾಕಿಕೊಂಡು ತೆರೆದು ನೋಡಿದರೆ ಒಟ್ಟು ಹಾರಾಟದ ಗಂಟೆಗಳು ಕಡಿಮೆಯಾಗಿವೆ, ರಾತ್ರಿ ಹಾರಾಟದ ಗಂಟೆಗಳು ಜಾಸ್ತಿಯಾಗಿವೆ. ನಾನು ಒಂದು ಎಂಟ್ರಿಯನ್ನೂ ಮುಟ್ಟಿಲ್ಲ. ಎಂಟ್ರಿಗಳೆಲ್ಲ ಮೊದಲು ಎಷ್ಟಿದ್ದವೋ ಅಷ್ಟೇ ಇವೆ, ಒಂದೂ ಕಳೆದಿಲ್ಲ.

ಬೇರೆ ಸಮಯದಲ್ಲಾಗಿದ್ದರೆ ನಿಧಾನಕ್ಕೆ ನೋಡೋಣ ಅಂತ ಬಿಡುತ್ತಿದ್ದೆ. ಈಗ ಎಟಿಪಿಎಲ್ (ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಅರ್ಜಿ ಹಾಕುವ ಹೊತ್ತು. 1500 ಗಂಟೆ ಒಟ್ಟು, ಅದರಲ್ಲಿ 100 ಗಂಟೆ ರಾತ್ರಿ ಬೇಕು. ನನ್ನ ಎರಡೂ ಲೆಕ್ಕ ಅಂಚಿನಲ್ಲೇ ಇವೆ. ಸಪೋರ್ಟ್‌ಗೆ ಬರೆದರೆ "ಆ್ಯಪ್ ತೆಗೆದು ಮತ್ತೆ ಹಾಕಿ" ಎಂದರು. ಹಾಗೆ ಮಾಡಲಾ? ಅರ್ಜಿಯಲ್ಲಿ ಹಳೇ ಲೆಕ್ಕ ಬರೆಯಲಾ, ಹೊಸದನ್ನು ಬರೆಯಲಾ?

ಎಡಸೀಟು

ಆ್ಯಪ್ ತೆಗೆಯಬೇಡಿ! ದಯವಿಟ್ಟು ತೆಗೆಯಬೇಡಿ. ಕ್ಲೌಡ್‌ಗೆ ಹೋಗದ ಎಂಟ್ರಿಗಳಿದ್ದರೆ ಆ್ಯಪ್ ಜೊತೆ ಅವೂ ಹೋಗುತ್ತವೆ. ಮೊದಲು ಎಲ್ಲವನ್ನೂ ಸಿಎಸ್‌ವಿ ಫೈಲ್ (ಸಾದಾ ಟೆಕ್ಸ್ಟ್ ಪಟ್ಟಿ) ಆಗಿ ಹೊರಗೆ ತೆಗೆದಿಡಿ, ಒಂದು ಪಿಡಿಎಫ್ ಕೂಡ ಮಾಡಿ. ಎರಡನ್ನೂ ಫೋನಿನಿಂದ ಆಚೆ ಎಲ್ಲಾದರೂ ಇಡಿ. ಉಳಿದದ್ದೆಲ್ಲ ಆಮೇಲೆ.

ಕಾಗದವೇ_ಗಟ್ಟಿ

ಇದಕ್ಕೇ ನಾನು ಇವತ್ತಿಗೂ ಪೆನ್ನಲ್ಲಿ ಬರೆಯುವುದು. ಕಾಗದಕ್ಕೆ ಅಪ್‌ಡೇಟ್ ಬರುವುದಿಲ್ಲ.

ಕೋಡ್‌ಗಾರ

ಬಲಸೀಟು, ಒಂದು ಪ್ರಶ್ನೆ. ಅಪ್‌ಡೇಟ್‌ಗೆ ಮುಂಚೆ ಅವಧಿಯನ್ನು ಗಂಟೆ-ನಿಮಿಷದಲ್ಲಿ ತೋರಿಸುತ್ತಿತ್ತಾ, ದಶಮಾಂಶದಲ್ಲಾ? ಈಗ ಹೇಗೆ ತೋರಿಸುತ್ತಿದೆ?

ಬಲಸೀಟು

ಮೊದಲು 1:20 ಅಂತ ಇತ್ತು. ಈಗ 1.3 ಅಂತ ಇದೆ. ನೀವು ಕೇಳಿದ ಮೇಲೇ ಅದು ಕಣ್ಣಿಗೆ ಬಿತ್ತು. ಎಡಸೀಟು ಸರ್, ಎರಡೂ ಫೈಲ್ ತೆಗೆದಿಟ್ಟೆ, ಥ್ಯಾಂಕ್ಸ್.

ಕೋಡ್‌ಗಾರ

ಹಾಗಾದರೆ ಒಟ್ಟು ಗಂಟೆ ಯಾಕೆ ಇಳಿಯಿತು ಅನ್ನುವುದಕ್ಕೆ ಉತ್ತರ ಬಹುಪಾಲು ಅದರಲ್ಲೇ ಇದೆ.

1:20 ಅಂದರೆ 80 ನಿಮಿಷ, ಅಂದರೆ 1.333 ಗಂಟೆ. ಒಂದೇ ದಶಮಾಂಶ ಸ್ಥಾನ ಇಟ್ಟುಕೊಂಡರೆ 1.3. ಅಂದರೆ 78 ನಿಮಿಷ. ಎರಡು ನಿಮಿಷ ಹೋಯಿತು. 1:20ರ ಆರು ಹಾರಾಟ ಕೂಡಿಸಿದರೆ ಸರಿಯಾಗಿ 8:00. 1.3ನ್ನು ಆರು ಸಲ ಕೂಡಿಸಿದರೆ 7.8. ಹನ್ನೆರಡು ನಿಮಿಷ ಎಲ್ಲಿಗೂ ಹೋಗದೆ ಮಾಯ. ಇಂಥ 300 ಹಾರಾಟ ಇದ್ದರೆ ಹತ್ತು ಗಂಟೆ ಹೋಗುತ್ತದೆ.

ಸರಿಯಾದ ಆ್ಯಪ್ ಒಳಗೆ ಪೂರ್ಣ ನಿಮಿಷಗಳನ್ನೇ ಇಟ್ಟುಕೊಂಡು, ಎಲ್ಲ ಕೂಡಿಸಿ, ಕೊನೆಗೆ ಒಂದೇ ಸಲ ದಶಮಾಂಶಕ್ಕೆ ತಿರುಗಿಸುತ್ತದೆ. ನಿಮ್ಮದು ಪ್ರತಿ ಸಾಲನ್ನೂ ಮೊದಲು ತಿರುಗಿಸಿ ಆಮೇಲೆ ಕೂಡಿಸುತ್ತಿದೆ ಅಂತ ಕಾಣುತ್ತದೆ. ಈಗ ನೋಡಬೇಕಾದ ದೊಡ್ಡ ವಿಷಯ ಇಷ್ಟೇ: ಮೂಲ ನಿಮಿಷಗಳು ಇನ್ನೂ ಒಳಗಿವೆಯಾ, ಅಥವಾ ಅಪ್‌ಡೇಟ್ ಅವುಗಳನ್ನು ಅಳಿಸಿ 1.3 ಅಂತಲೇ ಬರೆದುಬಿಟ್ಟಿದೆಯಾ? ಸಿಎಸ್‌ವಿಯಲ್ಲಿ ಆಫ್-ಬ್ಲಾಕ್ (ನಿಂತ ಜಾಗದಿಂದ ಹೊರಟ), ಆನ್-ಬ್ಲಾಕ್ (ಹಾರಾಟ ಮುಗಿಸಿ ಬಂದು ನಿಂತ) ಸಮಯದ ಕಾಲಮ್ ಇದೆಯಾ ನೋಡಿ.

ಬಲಸೀಟು

ಇದೆ! ಎರಡೂ ಇವೆ, ಯುಟಿಸಿ ಅಂದರೆ ಜಾಗತಿಕ ಸಮಯದಲ್ಲೇ ಇವೆ.

ಕೋಡ್‌ಗಾರ

ಬಚಾವ್. ಹಾಗಿದ್ದರೆ ಏನೂ ಕಳೆದಿಲ್ಲ. ಅವೆರಡು ಕಾಲಮ್ ಇರುವ ತನಕ ಒಟ್ಟು ಲೆಕ್ಕವನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ತೆಗೆಯಬಹುದು.

ಮೋಡದಾಚೆ

ಅಲ್ಲ, ಒಂದರಲ್ಲಿ ಎರಡು ನಿಮಿಷ ಇಳಿದರೆ ಇನ್ನೊಂದರಲ್ಲಿ ಎರಡು ನಿಮಿಷ ಏರುತ್ತದೆ ಅಲ್ವಾ? 1:10 ಅಂದರೆ 1.1667, ಅದು 1.2 ಆಗುತ್ತದೆ. ಸರಾಸರಿಯಲ್ಲಿ ಎಲ್ಲ ಸರಿಹೋಗಬೇಕು. ಸುಮ್ನೆ ಇದನ್ನು ದೊಡ್ಡದು ಮಾಡುತ್ತಿದ್ದೀರಿ.

ಪಾಠದ_ಟೀಚರ್

ಹಾರಾಟದ ಅವಧಿಗಳು ಯಾವ ಕ್ರಮವೂ ಇಲ್ಲದೆ ಬಂದರೆ ನೀವು ಹೇಳಿದ್ದು ನಿಜ. ಆದರೆ ಹಾಗೆ ಬರುವುದಿಲ್ಲ. ಟ್ರೈನಿಂಗ್‌ನಲ್ಲಿ ಸ್ಲಾಟ್ ಉದ್ದ ಒಂದೇ, ಹೋಗುವ ಜಾಗ ಒಂದೇ, ಬರುವ ಜಾಗ ಒಂದೇ. ವಿದ್ಯಾರ್ಥಿಯ ಪುಸ್ತಕ ತೆರೆದರೆ 1:20, 1:20, 1:20 ಅಂತ ಸಾಲಾಗಿ ಇರುತ್ತದೆ. ಎಲ್ಲವೂ ಒಂದೇ ಕಡೆಗೆ ವಾಲುತ್ತವೆ. ಏರ್‌ಲೈನ್‌ನಲ್ಲೂ ಒಂದೇ ಸೆಕ್ಟರ್ ಮತ್ತೆ ಮತ್ತೆ ಹಾರುವವರಿಗೆ ಇದೇ ಗತಿ. ನಾನು ಹತ್ತಾರು ವಿದ್ಯಾರ್ಥಿಗಳ ಲೆಕ್ಕ ತಾಳೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕೋಡ್‌ಗಾರ

ಟೀಚರ್ ಹೇಳಿದ್ದು ಸರಿ. ಇನ್ನೊಂದು ಸೂಕ್ಷ್ಮ ಇದೆ. 0.1 ಗಂಟೆ ಅಂದರೆ 6 ನಿಮಿಷ. ಹಾಗಾಗಿ 3, 9, 15, 21, 27 ನಿಮಿಷಗಳು ಎರಡು ದಶಮಾಂಶಗಳ ಸರಿಯಾಗಿ ನಡುವೆ ಬೀಳುತ್ತವೆ. 15 ನಿಮಿಷ ಅಂದರೆ 0.25. ಇದು 0.2 ಆಗಬೇಕಾ, 0.3 ಆಗಬೇಕಾ? ಒಂದೊಂದು ಪ್ರೋಗ್ರಾಮಿಂಗ್ ಭಾಷೆ ಒಂದೊಂದು ತರ ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮಾಮೂಲಿ ರೌಂಡಿಂಗ್ ಅರ್ಧ ಬಂದರೆ ಮೇಲಕ್ಕೆ ಹೋಗುತ್ತದೆ. ಪೈಥಾನ್ 3ರಲ್ಲಿ ಅರ್ಧ ಬಂದರೆ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ, ಅಂದರೆ 0.25 ಇಳಿದು 0.2 ಆಗುತ್ತದೆ. ಫೋನಿನ ಆ್ಯಪ್ ಒಂದು ಭಾಷೆಯಲ್ಲಿ, ವೆಬ್ ಪುಟ ಇನ್ನೊಂದು ಭಾಷೆಯಲ್ಲಿ ಬರೆದಿದ್ದರೆ ಒಂದೇ ಲಾಗ್‌ಬುಕ್‌ಗೆ ಎರಡು ಮೊತ್ತ ಬರುತ್ತದೆ. ಬಳಸುವವರಿಗೆ ಕಾರಣವೇ ಗೊತ್ತಾಗುವುದಿಲ್ಲ.

ಜೊತೆಗೆ ಕಂಪ್ಯೂಟರ್ ಒಳಗೆ 0.1 ಅನ್ನುವ ಸಂಖ್ಯೆ ಕರಾರುವಾಕ್ಕಾಗಿ ಕೂರುವುದಿಲ್ಲ. ಅದನ್ನು ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಹಾರಾಟದ ಅವಧಿಯನ್ನು ದಶಮಾಂಶದಲ್ಲಿ ಶೇಖರಿಸುವ ಆ್ಯಪ್ ನನ್ನ ಮಟ್ಟಿಗೆ ತಪ್ಪಾಗಿ ಕಟ್ಟಿದ ಆ್ಯಪ್. ಪೂರ್ಣ ನಿಮಿಷಗಳನ್ನು ಇಡಿ, ಅಷ್ಟು ಸಾಕು.

ಮೋಡದಾಚೆ

ಸರಿ, ಒಪ್ಪಿದೆ. ಆದರೆ ಎಲ್ಲ ದೇಶದಲ್ಲೂ ಗಂಟೆ-ನಿಮಿಷ ಬರೆಯುವುದಿಲ್ಲವಲ್ಲ. ಅಮೆರಿಕದಲ್ಲಿ ಟ್ರೈನಿಂಗ್ ಮಾಡಿದವರ ಪುಸ್ತಕಗಳೆಲ್ಲ ದಶಮಾಂಶದಲ್ಲೇ ಇರುತ್ತವೆ. ಎಂಜಿನ್ ಓಡಿದ ಹೊತ್ತು ಎಣಿಸುವ ಹಾಬ್ಸ್ ಮೀಟರೇ ಹತ್ತನೇ ಒಂದು ಗಂಟೆಯ ಲೆಕ್ಕದಲ್ಲಿ ಓಡುತ್ತದೆ.

ಎಡಸೀಟು

ಅದು ನಿಜ. ಅಲ್ಲಿ ಕಲಿತು ಬಂದವರು ಮೊದಲ ಭಾಗವನ್ನು ದಶಮಾಂಶದಲ್ಲೇ ಬಿಡಬೇಕು. 1.3ನ್ನು 1:18 ಅಂತ ತಿರುಗಿಸಿ ಬರೆಯಬಹುದು, ಆದರೆ ನಿಜವಾಗಿ ಅದು 1:16 ಇತ್ತೋ 1:20 ಇತ್ತೋ ಯಾರಿಗೂ ಗೊತ್ತಿಲ್ಲ. ಇಲ್ಲದ ನಿಖರತೆಯನ್ನು ಸೃಷ್ಟಿ ಮಾಡಬಾರದು.

ರಾತ್ರಿಪಾಳಿ

ಒಟ್ಟು ಗಂಟೆಯ ವಿಷಯ ಬಗೆಹರಿಯಿತು, ಆದರೆ ರಾತ್ರಿ ಗಂಟೆ ಯಾಕೆ ಏರಿತು ಅಂತ ಯಾರೂ ಹೇಳಲಿಲ್ಲ. ರೌಂಡಿಂಗ್‌ನಿಂದ ಅಷ್ಟು ಏರುವುದು ಕಷ್ಟ.

ಬಲಸೀಟು ಅವರೇ, ಸೆಟ್ಟಿಂಗ್ಸ್‌ನಲ್ಲಿ "ರಾತ್ರಿಯ ವ್ಯಾಖ್ಯೆ" ಅಂತ ಎಲ್ಲೋ ಒಂದು ಆಯ್ಕೆ ಇರುತ್ತದೆ, ಹುಡುಕಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಐಕಾವೊ ಪ್ರಕಾರ ರಾತ್ರಿ ಅಂದರೆ ಸಂಜೆಯ ಸಿವಿಲ್ ಟ್ವೈಲೈಟ್ ಮುಗಿದಾಗಿನಿಂದ ಬೆಳಗಿನ ಸಿವಿಲ್ ಟ್ವೈಲೈಟ್ ಶುರುವಾಗುವ ತನಕ. ಸೂರ್ಯನ ನಡುಭಾಗ ದಿಗಂತಕ್ಕಿಂತ 6 ಡಿಗ್ರಿ ಕೆಳಗೆ ಇಳಿದಾಗ ಸಂಜೆಯ ಸಿವಿಲ್ ಟ್ವೈಲೈಟ್ ಮುಗಿಯುತ್ತದೆ. ಸೂರ್ಯ ಮುಳುಗಿದ ಕೂಡಲೇ ಅಲ್ಲ. ಸಮಭಾಜಕದ ಹತ್ತಿರ ಈ ಅಂತರ ಇಪ್ಪತ್ತು ನಿಮಿಷದ ಆಸುಪಾಸು. ಉತ್ತರಕ್ಕೆ ಹೋದಷ್ಟೂ ಜಾಸ್ತಿ, ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ಅಪ್‌ಡೇಟ್ ಆ ಆಯ್ಕೆಯನ್ನು "ಸೂರ್ಯಾಸ್ತದಿಂದ ಸೂರ್ಯೋದಯ" ಅಂತ ಬದಲಾಯಿಸಿದ್ದರೆ ಪ್ರತಿ ಸಂಜೆಯ ಹಾರಾಟಕ್ಕೂ, ಪ್ರತಿ ಮುಂಜಾವಿನ ಹಾರಾಟಕ್ಕೂ ಒಂದಷ್ಟು ರಾತ್ರಿ ಸೇರಿಬಿಡುತ್ತದೆ.

ಮೋಡದಾಚೆ

ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯಲ್ಲಿ ರಾತ್ರಿ ಅಂದರೆ ಸೂರ್ಯಾಸ್ತವಾಗಿ ಒಂದು ಗಂಟೆ ಆದ ಮೇಲೆ, ಅಲ್ವಾ?

ರಾತ್ರಿಪಾಳಿ

ಇಲ್ಲ. ಎಲ್ಲರೂ ಕಲಸಿಕೊಳ್ಳುವ ಜಾಗ ಇದೇ. ಎಫ್‌ಎಎಯಲ್ಲೂ ರಾತ್ರಿಯ ಗಂಟೆ ಬರೆಯುವುದು ಸಿವಿಲ್ ಟ್ವೈಲೈಟ್ ಲೆಕ್ಕದಲ್ಲೇ. ನೀವು ಹೇಳುವ ಒಂದು ಗಂಟೆಯ ಲೆಕ್ಕ ಪ್ರಯಾಣಿಕರನ್ನು ರಾತ್ರಿ ಕರೆದೊಯ್ಯಲು ಬೇಕಾದ ಟೇಕಾಫ್-ಲ್ಯಾಂಡಿಂಗ್‌ಗಳಿಗೆ ಮಾತ್ರ. 61.57ನೇ ನಿಯಮ. ಹಿಂದಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್, ಅದೂ ಪೂರ್ತಿ ನಿಲ್ಲಿಸಿ. ಚಕ್ರ ತಾಗಿಸಿ ನಿಲ್ಲದೆ ಮತ್ತೆ ಏರುವ ಟಚ್ ಅಂಡ್ ಗೋ ನಡೆಯುವುದಿಲ್ಲ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಟ್ವೈಲೈಟ್ ಮುಗಿದ ಮೇಲೆ, ಆದರೆ ಸೂರ್ಯಾಸ್ತವಾಗಿ ಒಂದು ಗಂಟೆ ಆಗುವ ಮುಂಚೆ ಇಳಿದರೆ, ಆ ಹಾರಾಟದಲ್ಲಿ ರಾತ್ರಿ ಗಂಟೆ ಇದೆ, ಆದರೆ ಆ 90 ದಿನದ ಲೆಕ್ಕಕ್ಕೆ ರಾತ್ರಿ ಲ್ಯಾಂಡಿಂಗ್ ಇಲ್ಲ. ಎಷ್ಟೋ ಆ್ಯಪ್‌ಗಳು ಎರಡಕ್ಕೂ ಒಂದೇ ಸೂತ್ರ ಹಾಕಿ ಹಸಿರು ಗುರುತು ತೋರಿಸುತ್ತವೆ. ಆ ಗುರುತು ನಂಬಿ ಪ್ರಯಾಣಿಕರನ್ನು ಹತ್ತಿಸಿಕೊಂಡರೆ ತಪ್ಪು ಪೈಲಟ್‌ದೇ.

ಬಲಸೀಟು

ಸಿಕ್ಕಿತು! "ಸೂರ್ಯಾಸ್ತ" ಅಂತ ಇದೆ. ಮೊದಲು ಏನಿತ್ತು ಅಂತ ನೆನಪಿಲ್ಲ, ನಾನಂತೂ ಯಾವತ್ತೂ ಮುಟ್ಟಿಲ್ಲ. ಈಗ ಸಿವಿಲ್ ಟ್ವೈಲೈಟ್‌ಗೆ ಹಾಕಿದೆ, ಮತ್ತೆ ಲೆಕ್ಕ ಮಾಡುತ್ತಿದೆ.

ಹಳೇ_ಚಕ್ರ

ರಾತ್ರಿ ಲೆಕ್ಕದ ಬಗ್ಗೆ ನನ್ನದೊಂದು ಸೇರಿಸುತ್ತೇನೆ. ಆ್ಯಪ್ ರಾತ್ರಿಯನ್ನು ಹೇಗೆ ಲೆಕ್ಕ ಹಾಕುತ್ತದೆ ಗೊತ್ತಾ? ಹೊರಟ ಜಾಗದ ಅಕ್ಷಾಂಶ-ರೇಖಾಂಶ, ಇಳಿದ ಜಾಗದ ಅಕ್ಷಾಂಶ-ರೇಖಾಂಶ, ನಡುವೆ ಅತಿ ಹತ್ತಿರದ ದಾರಿ, ಎಲ್ಲ ಕಡೆ ಒಂದೇ ವೇಗ. ಈ ಊಹೆಯ ಮೇಲೆ ಸೂರ್ಯ ಎಲ್ಲಿದ್ದ ಅಂತ ನೋಡುತ್ತದೆ. ಇಳಿಯಲು ಕಾಯುತ್ತಾ ಹೋಲ್ಡಿಂಗ್‌ನಲ್ಲಿ ಸುತ್ತಿದ್ದು, ಸುತ್ತುಬಳಸಿ ಹೋದದ್ದು, ಟ್ಯಾಕ್ಸಿಯಲ್ಲಿ ಕಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಉದ್ದದ ಹಾರಾಟದಲ್ಲಿ ಅದು ಕೊಡುವ ಸಂಖ್ಯೆ ಒಂದು ಅಂದಾಜು ಅಷ್ಟೇ. ಅಂದಾಜನ್ನು ನಿಮಿಷದ ತನಕ ಬರೆದು ಕೊಟ್ಟರೆ ನಾವು ಅದನ್ನು ಸತ್ಯ ಅಂತ ತಿಳಿಯುತ್ತೇವೆ.

ಇನ್ನು ವಿಮಾನ ನಿಲ್ದಾಣದ ಕೋಡ್. ನನ್ನ ಹಳೇ ಪುಸ್ತಕಗಳನ್ನು ಆ್ಯಪ್‌ಗೆ ಹಾಕಿದಾಗ ಹಾಂಗ್‌ಕಾಂಗ್‌ನ ಹಾರಾಟಗಳನ್ನು ನಕ್ಷೆಯಲ್ಲಿ ನೋಡಿದೆ. ಎಲ್ಲವೂ ಅಲ್ಲಿನ ಹೊಸ ನಿಲ್ದಾಣ ಚೆಕ್ ಲಾಪ್ ಕೋಕ್‌ನಲ್ಲಿ ಇಳಿದಿದ್ದವು. ಆದರೆ ನಾನು ಇಳಿದದ್ದು ಹಳೇ ನಿಲ್ದಾಣ ಕೈ ಟಕ್‌ನಲ್ಲಿ! 1998ರ ಜುಲೈನಲ್ಲಿ ಹೊಸ ನಿಲ್ದಾಣ ಶುರುವಾದಾಗ ವಿಎಚ್‌ಎಚ್‌ಎಚ್ ಅನ್ನುವ ಕೋಡ್ ಕೂಡ ಅಲ್ಲಿಗೇ ಹೋಯಿತು. ಮ್ಯೂನಿಕ್‌ನಲ್ಲಿ 1992ರಲ್ಲಿ, ಡೆನ್ವರ್‌ನಲ್ಲಿ 1995ರಲ್ಲಿ ಇದೇ ಆಗಿದೆ. ಕೋಡ್ ಒಂದೇ, ಜಾಗ ಬೇರೆ. ಆ್ಯಪ್‌ಗೆ ಇವತ್ತಿನ ಪಟ್ಟಿ ಮಾತ್ರ ಗೊತ್ತು. ಹಾರಿದ ದಿನ ಆ ಕೋಡ್ ಯಾವ ರನ್‌ವೇಗೆ ಸೇರಿತ್ತು ಅಂತ ಅದು ಕೇಳುವುದೇ ಇಲ್ಲ.

ಎಂಜಿನ್_ನಾಲ್ಕು

ಕೈ ಟಕ್! 13ನೇ ರನ್‌ವೇಗೆ ಬಲಕ್ಕೆ ತಿರುಗಿ ಇಳಿಯುವ ಆ ಚೆಕ್ಕರ್‌ಬೋರ್ಡ್ ಅಪ್ರೋಚ್ ಮಾಡಿದ್ದೀರಾ ಕ್ಯಾಪ್ಟನ್? ಗುಡ್ಡದ ಮೇಲಿನ ಕೆಂಪು-ಬಿಳಿ ಚೌಕಗಳನ್ನು ನೋಡಿಕೊಂಡು ತಿರುಗಿಸುವುದು? ದಯವಿಟ್ಟು ಬರೆಯಿರಿ.

ಹಳೇ_ಚಕ್ರ

ಮಾಡಿದ್ದೇನೆ. 47 ಡಿಗ್ರಿ ಬಲಕ್ಕೆ, ಕೈಯಲ್ಲೇ ಹಾರಿಸಿ, ಕೆಳಗೆ ಮನೆಗಳ ಮಹಡಿ ಕಾಣುತ್ತಿರುವಾಗ. ಅದಕ್ಕೇ ಒಂದು ಬೇರೆ ಚರ್ಚೆ ಬೇಕು, ಇಲ್ಲಿ ಬಲಸೀಟು ಅವರ ಕೆಲಸ ಮುಗಿಯಲಿ. ಆದರೆ ಆ ಹಾರಾಟಗಳು ನನ್ನ ಲಾಗ್‌ಬುಕ್‌ನಲ್ಲಿ ಸರಿಯಾದ ಜಾಗದಲ್ಲಿ ಇರಬೇಕು ಅನ್ನುವ ಆಸೆ ಯಾಕೆ ಅಂತ ನಿಮಗೆ ಅರ್ಥವಾಗಿರಬೇಕು.

ಎಡಸೀಟು

ಇಸ್ತಾಂಬುಲ್ ಇನ್ನೊಂದು ತರ. 2019ರ ಏಪ್ರಿಲ್‌ನಲ್ಲಿ ಐಎಸ್‌ಟಿ ಅನ್ನುವ ಮೂರಕ್ಷರದ ಕೋಡ್ ಹೊಸ ನಿಲ್ದಾಣಕ್ಕೆ ಹೋಯಿತು. ಐಕಾವೊದ ನಾಲ್ಕಕ್ಷರದ ಕೋಡ್ ಮಾತ್ರ ಬೇರೆ ಬೇರೆಯೇ ಉಳಿಯಿತು, ಅಟಾಟುರ್ಕ್‌ಗೆ ಎಲ್‌ಟಿಬಿಎ, ಹೊಸದಕ್ಕೆ ಎಲ್‌ಟಿಎಫ್‌ಎಮ್. ಹಾಗಾಗಿ ಎಂಟ್ರಿ ಮಾಡುವಾಗ ನಾಲ್ಕಕ್ಷರದ ಕೋಡ್ ಬಳಸಿದರೆ ತೊಂದರೆ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಹಾಂಗ್‌ಕಾಂಗ್ ಉದಾಹರಣೆ ಮೇಲೇ ಇದೆ.

ಕಾಗದವೇ_ಗಟ್ಟಿ

ನನ್ನ ಪುಸ್ತಕದಲ್ಲಿ ಕೈ ಟಕ್ ಅಂತ ಬರೆದರೆ ನೂರು ವರ್ಷ ಆದರೂ ಕೈ ಟಕ್ಕೇ.

ಪಾಠದ_ಟೀಚರ್

ಪುಸ್ತಕ ಉಳಿದರೆ! ನಮ್ಮಲ್ಲಿ ಒಬ್ಬರ ಲಾಗ್‌ಬುಕ್ ಬ್ಯಾಗಿನ ಸಮೇತ ಕಳುವಾಯಿತು. ಅವರು ಹಾರಿದ ಪ್ರತಿ ಕ್ಲಬ್‌ಗೆ ಅಲೆದು, ವಿಮಾನದ ಟೆಕ್ ಲಾಗ್ (ವಿಮಾನದ್ದೇ ದಾಖಲೆ ಪುಸ್ತಕ) ತೆಗೆಸಿ, ಸಾಲು ಸಾಲಾಗಿ ಮತ್ತೆ ಕಟ್ಟಬೇಕಾಯಿತು. ಅದಲ್ಲದೆ ಕಾಗದದ ಪುಸ್ತಕದಲ್ಲಿ ಪುಟದ ಕೊನೆಯ ಮೊತ್ತ ತಪ್ಪಿದರೆ ಅಲ್ಲಿಂದ ಮುಂದಿನ ಎಲ್ಲ ಪುಟಗಳೂ ತಪ್ಪು. ನಾನು ನೋಡಿರುವ ಕೈಬರಹದ ಲಾಗ್‌ಬುಕ್‌ಗಳಲ್ಲಿ ಕೂಡುವ ತಪ್ಪು ಇಲ್ಲದವು ಅಪರೂಪ.

ಕಾಗದವೇ_ಗಟ್ಟಿ

ಕಳುವಾಗುವ ಮಾತು ಒಪ್ಪುತ್ತೇನೆ. ಆದರೆ ಕೂಡುವ ತಪ್ಪು ಕಣ್ಣಿಗೆ ಕಾಣುತ್ತದೆ ಟೀಚರ್. ಯಾವ ಪುಟದಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು. ಆ್ಯಪ್‌ನಲ್ಲಿ ಮೊತ್ತ ಬದಲಾದರೆ ಎಲ್ಲಿ, ಯಾವಾಗ, ಯಾಕೆ ಬದಲಾಯಿತು ಅಂತ ಈ ಪುಣ್ಯಾತ್ಮರು ವಾರ ಪೂರ್ತಿ ಹುಡುಕುತ್ತಿದ್ದಾರೆ ನೋಡಿ.

ಕೋಡ್‌ಗಾರ

ಈ ಮಾತಿಗೆ ನನ್ನ ಬಳಿ ಎದುರು ಉತ್ತರ ಇಲ್ಲ, ಇದು ಸರಿಯಾದ ದೂರು. ಒಳ್ಳೆಯ ಆ್ಯಪ್ ಆದರೆ ಪ್ರತಿ ಬದಲಾವಣೆಯ ಇತಿಹಾಸ ಇಡಬೇಕು. ಯಾವ ಎಂಟ್ರಿ, ಹಳೇ ಬೆಲೆ ಏನು, ಹೊಸದು ಏನು, ಬದಲಿಸಿದ್ದು ಪೈಲಟ್ಟೋ ಅಪ್‌ಡೇಟ್ಟೋ. ಆ್ಯಪ್ ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ನಾವು ಕೇಳುವುದು ನಕ್ಷೆ ಚೆನ್ನಾಗಿದೆಯಾ ಅಂತ.

ರೋಟರ್

ನಮ್ಮ ಹೆಲಿಕಾಪ್ಟರ್‌ನವರ ಕಷ್ಟವನ್ನೂ ಕೇಳಿ. ವಿಮಾನಕ್ಕೆ ಟೇಕಾಫ್‌ಗಾಗಿ ಮೊದಲು ಅಲುಗಾಡಿದಾಗಿನಿಂದ ಹಾರಾಟ ಮುಗಿಸಿ ಪೂರ್ತಿ ನಿಲ್ಲುವ ತನಕ ಹಾರಾಟದ ಸಮಯ. ನಮಗೆ ರೋಟರ್ ತಿರುಗಲು ಶುರುವಾದಾಗಿನಿಂದ ನಿಲ್ಲುವ ತನಕ. ಜಿಪಿಎಸ್ ನೋಡಿ ತಾನಾಗಿ ಎಂಟ್ರಿ ಮಾಡುವ ಆ್ಯಪ್‌ಗಳಿಗೆ ಇದು ತಿಳಿಯುವುದೇ ಇಲ್ಲ. ರೋಟರ್ ತಿರುಗುತ್ತಾ ನೆಲದ ಮೇಲೆ ನಿಂತಿರುವ ಹೊತ್ತೆಲ್ಲ ಖಾಲಿ. ಅದು ಬರೆದಿದ್ದನ್ನು ಕೈಯಲ್ಲಿ ತಿದ್ದುವುದೇ ಒಂದು ಕೆಲಸ.

ಎಂಜಿನ್_ನಾಲ್ಕು

ಜಿಪಿಎಸ್ ಅಂದಾಗ ನೆನಪಾಯಿತು. 2019ರ ಏಪ್ರಿಲ್ 6ಕ್ಕೆ ಜಿಪಿಎಸ್‌ನ ವಾರದ ಎಣಿಕೆ ಸೊನ್ನೆಗೆ ತಿರುಗಿತು. ಆ ಎಣಿಕೆಗೆ 10 ಬಿಟ್ ಮಾತ್ರ ಇರುವುದರಿಂದ 1024 ವಾರಕ್ಕೊಮ್ಮೆ ಹೀಗಾಗುತ್ತದೆ. ಹಳೇ ರಿಸೀವರ್‌ಗಳು ತಾರೀಕನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹಾಕಬಹುದು. ಹಳೇ ಉಪಕರಣದಿಂದ ಟ್ರ್ಯಾಕ್ ತೆಗೆದು ಲಾಗ್‌ಬುಕ್‌ಗೆ ಸೇರಿಸುವವರು ಒಮ್ಮೆ ತಾರೀಕಿನ ಪ್ರಕಾರ ಜೋಡಿಸಿ ನೋಡಿ. ನೀವು ಇನ್ನೂ ಪೈಲಟ್ಟೇ ಆಗಿರದ ವರ್ಷದಲ್ಲಿ ಎಂಟ್ರಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೊಸರೆಕ್ಕೆ

ನಾನು ಈಗಷ್ಟೇ ಟ್ರೈನಿಂಗ್ ಶುರು ಮಾಡಿದ್ದೇನೆ. ಇದೆಲ್ಲ ಓದಿ ಭಯ ಆಗುತ್ತಿದೆ. ಕಾಗದವಾ, ಆ್ಯಪ್ಪಾ? ಯಾವುದರಿಂದ ಶುರು ಮಾಡಲಿ?

ಪಾಠದ_ಟೀಚರ್

ಭಯ ಬೇಡ ಮಗು. ಟ್ರೈನಿಂಗ್ ಮುಗಿಯುವ ತನಕ ಕಾಗದ ಇರಲಿ, ಜೊತೆಯಲ್ಲೇ ಆ್ಯಪ್‌ನಲ್ಲೂ ಬರೆ. ಕಾರಣ ಸಹಿ. ಪ್ರತಿ ಪಾಠಕ್ಕೂ ಇನ್‌ಸ್ಟ್ರಕ್ಟರ್ ಸಹಿ ಬೇಕಾಗುತ್ತದೆ. ಆ್ಯಪ್‌ನಲ್ಲಿ ಡಿಜಿಟಲ್ ಸಹಿ ಹಾಕಿಸಿಕೊಳ್ಳಬಹುದು, ಎಫ್‌ಎಎ ಅದಕ್ಕೆ ಎಸಿ 120-78 ಅನ್ನುವ ಮಾರ್ಗಸೂಚಿಯನ್ನೇ ಕೊಟ್ಟಿದೆ. ಆದರೆ ಸಹಿ ಆದ ಎಂಟ್ರಿಯಲ್ಲಿ ಆಮೇಲೆ ಒಂದು ಅಕ್ಷರ ತಿದ್ದಿದರೂ ಸಹಿ ರದ್ದಾಗಬೇಕು, ಸರಿಯಾದ ಆ್ಯಪ್ ಹಾಗೇ ಮಾಡುತ್ತದೆ. ನನ್ನ ವಿದ್ಯಾರ್ಥಿಯೊಬ್ಬಳು ವಿಮಾನದ ಟೈಪ್ ಹೆಸರನ್ನು ಎಲ್ಲ ಕಡೆ ಒಂದೇ ಸಲ ತಿದ್ದಲು ಹೋದಳು. ಆ ವಿಮಾನದಲ್ಲಿ ನಾನು ಹಾಕಿದ್ದ ಸಹಿಗಳೆಲ್ಲ ಒಂದೇ ಏಟಿಗೆ ಹೋದವು. ಅಷ್ಟನ್ನೂ ಮತ್ತೆ ಕೂತು ಹಾಕಿದೆವು.

ಇನ್ನೊಂದು ವಿಷಯ. ಅಮೆರಿಕದ ನಿಯಮದಲ್ಲಿ ವಿದ್ಯಾರ್ಥಿ ಪೈಲಟ್ ಒಬ್ಬರೇ ಕ್ರಾಸ್ ಕಂಟ್ರಿ (ದೂರದ ಇನ್ನೊಂದು ಜಾಗಕ್ಕೆ ಹಾರಾಟ) ಹೋಗುವಾಗ ಲಾಗ್‌ಬುಕ್ ಜೊತೆಯಲ್ಲೇ ಇರಬೇಕು. ಇಳಿದ ಜಾಗದಲ್ಲಿ ಟ್ಯಾಬ್ಲೆಟ್ ಚಾರ್ಜ್ ಮುಗಿದು ಕಪ್ಪಾಗಿದ್ದರೆ ಏನು ತೋರಿಸುತ್ತೀಯ?

ಹೊಸರೆಕ್ಕೆ

ಅರ್ಥ ಆಯಿತು ಮೇಡಂ. ಎರಡೂ ಇಡುತ್ತೇನೆ.

ರೋಸ್ಟರ್_ರಾಯ

ಸಿಎಸ್‌ವಿ ಬಗ್ಗೆ ಎಚ್ಚರಿಕೆ, ಬಲಸೀಟು. ಆ ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಹಾಗೇ ಸೇವ್ ಮಾಡಬೇಡಿ. ತೆರೆಯುವಾಗಲೇ ಅದು ಹಲವು ಕಾಲಮ್‌ಗಳನ್ನು ತನಗೆ ತೋಚಿದಂತೆ ಬದಲಿಸುತ್ತದೆ.

ನಾನು ರೋಸ್ಟರ್‌ನಿಂದ (ಕಂಪನಿ ಕೊಡುವ ಡ್ಯೂಟಿ ಪಟ್ಟಿ) ಹಾರಾಟಗಳನ್ನು ಸೇರಿಸುವಾಗ ನೋಡಿದ್ದು: 0045 ಅನ್ನುವ ಸಮಯ 45 ಆಯಿತು, ಆ್ಯಪ್ ಅದನ್ನು 4:50 ಅಂತ ಓದಿತು. ವಿಮಾನ ಸಂಖ್ಯೆಯಲ್ಲಿ ಅಂಕಿಗಳ ನಡುವೆ ಇಂಗ್ಲಿಷಿನ ಇ ಅಕ್ಷರ ಇದ್ದರೆ, ಉದಾಹರಣೆಗೆ 6ಇ25, ಅದನ್ನು ಆರರ ಮುಂದೆ ಇಪ್ಪತ್ತೈದು ಸೊನ್ನೆ ಇರುವ ಸಂಖ್ಯೆ ಅಂತ ತಿಳಿಯುತ್ತದೆ. ಒಟ್ಟು ಗಂಟೆ 24 ದಾಟಿದರೆ ಮತ್ತೆ ಸೊನ್ನೆಯಿಂದ ತೋರಿಸುತ್ತದೆ. 30 ಗಂಟೆ ಕೂಡಿಸಿದವರಿಗೆ 6:00 ಕಾಣುತ್ತದೆ. ಇದಕ್ಕೆ ಕೋಶದ ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರವನ್ನು ಚೌಕ ಕಂಸದೊಳಗೆ ಹಾಕಬೇಕು, ಆಗ ಪೂರ್ತಿ ಗಂಟೆ ಕಾಣುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತಾರೀಕು. ನೀವು 04/07 ಅಂದರೆ ಜುಲೈ 4, ಅದಕ್ಕೆ ಏಪ್ರಿಲ್ 7. ತಿಂಗಳ 13ರಿಂದ ಮುಂದಿನ ತಾರೀಕುಗಳು ತಿಂಗಳಾಗಲು ಸಾಧ್ಯವಿಲ್ಲವಲ್ಲ, ಅವು ಸರಿಯಾಗೇ ಇರುತ್ತವೆ. 1ರಿಂದ 12ರವರೆಗಿನವು ಮಾತ್ರ ಉಲ್ಟಾ. ಮೇಲಿಂದ ಮೇಲೆ ನೋಡಿದರೆ ಫೈಲ್ ಚೆನ್ನಾಗೇ ಕಾಣುತ್ತದೆ. ವರ್ಷ-ತಿಂಗಳು-ದಿನ ಕ್ರಮದಲ್ಲಿ, 2019-07-04 ಹೀಗೆ ಹೊರಗೆ ತೆಗೆಯಿರಿ, ಈ ಗೊಂದಲ ಬರುವುದಿಲ್ಲ.

ಕೋಡ್‌ಗಾರ

ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡುವುದು ಒಳ್ಳೆಯದು. ಸ್ಪ್ರೆಡ್‌ಶೀಟ್‌ಗೇ ತರಬೇಕಿದ್ದರೆ ಡಬಲ್ ಕ್ಲಿಕ್ ಬೇಡ, ಇಂಪೋರ್ಟ್ ಮೂಲಕ ತಂದು ಎಲ್ಲ ಕಾಲಮ್‌ಗಳನ್ನೂ "ಟೆಕ್ಸ್ಟ್" ಅಂತ ಆರಿಸಿ.

ಮೋಡದಾಚೆ

ನನ್ನದು ಫೋನ್, ಟ್ಯಾಬ್ಲೆಟ್ ಎರಡರಲ್ಲೂ ಸಿಂಕ್ ಆಗುತ್ತದೆ, ಕ್ಲೌಡ್‌ನಲ್ಲೂ ಇದೆ. ಮೂರು ಕಡೆ ಬ್ಯಾಕಪ್ ಇದ್ದ ಹಾಗೇ ಅಲ್ವಾ?

ಎಡಸೀಟು

ಅಲ್ಲ. ಸಿಂಕ್ ಅನ್ನುವುದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲೂ ಕೆಡುತ್ತದೆ. ನಮ್ಮ ಒಬ್ಬ ಫಸ್ಟ್ ಆಫೀಸರ್ ಹಾರಾಟ ಮುಗಿಸಿ ಇಂಟರ್ನೆಟ್ ಇಲ್ಲದ ಕಡೆ ಫೋನ್‌ನಲ್ಲಿ ಎಂಟ್ರಿ ಮಾಡಿದ್ದರು. ಹೋಟೆಲಿಗೆ ಬಂದು ಟ್ಯಾಬ್ಲೆಟ್‌ನಲ್ಲಿ ಅದೇ ದಿನದ್ದನ್ನು ತಿದ್ದಿದರು. ಎರಡೂ ಆನ್‌ಲೈನ್ ಆದಾಗ ಕೊನೆಯಲ್ಲಿ ಬಂದದ್ದು ಗೆದ್ದಿತು. ಫೋನ್‌ನಲ್ಲಿ ಬರೆದದ್ದು ಹೋಯಿತು, ಯಾವ ಎಚ್ಚರಿಕೆಯೂ ಬರಲಿಲ್ಲ. ಬ್ಯಾಕಪ್ ಅಂದರೆ ತಾರೀಕು ಹಾಕಿ ಪಕ್ಕಕ್ಕೆ ಇಟ್ಟ, ಆ್ಯಪ್‌ಗೆ ಮುಟ್ಟಲು ಆಗದ ಪ್ರತಿ.

ಹಳೇ_ಚಕ್ರ

ಆ ಪ್ರತಿ ಆ್ಯಪ್ ಇಲ್ಲದೆಯೂ ತೆರೆಯುವಂತಿರಬೇಕು. 2017ರಲ್ಲಿ ಐಫೋನಿಗೆ ಐಒಎಸ್ 11 ಬಂದಾಗ 32-ಬಿಟ್‌ನ ಹಳೇ ಆ್ಯಪ್‌ಗಳೆಲ್ಲ ನಿಂತುಹೋದವು. ತಯಾರಕರು ಕೈಬಿಟ್ಟಿದ್ದ ಆ್ಯಪ್‌ನಲ್ಲಿ ಲಾಗ್‌ಬುಕ್ ಇದ್ದವರು ಹಳೇ ಫೋನ್ ಹುಡುಕಿಕೊಂಡು ಹೋಗಬೇಕಾಯಿತು. ಬ್ಯಾಕಪ್ ಫೈಲ್ ಇತ್ತು ಅನ್ನುತ್ತಿದ್ದರು, ಆದರೆ ಅದನ್ನು ಓದಲು ಆ ಆ್ಯಪ್ಪೇ ಬೇಕಿತ್ತು! ನಮ್ಮ ಲಾಗ್‌ಬುಕ್ ನಲವತ್ತು ವರ್ಷ ಬದುಕಬೇಕು. ಯಾವ ಫೋನ್ ಅಷ್ಟು ಬದುಕುತ್ತದೆ?

ಬಲಸೀಟು

ಎಲ್ಲರಿಗೂ ಮತ್ತೆ ಬರೆಯುತ್ತಿದ್ದೇನೆ. ಗಂಟೆ-ನಿಮಿಷಕ್ಕೆ ಮರಳಿಸಿದೆ, ರಾತ್ರಿಯ ವ್ಯಾಖ್ಯೆ ತಿದ್ದಿದೆ. ರಾತ್ರಿ ಗಂಟೆ ಅಪ್‌ಡೇಟ್‌ಗೆ ಮುಂಚೆಯೇ ತೆಗೆದಿದ್ದ ಹಳೇ ಪಿಡಿಎಫ್‌ಗೆ ಹತ್ತಿರ ಬಂತು. ಒಟ್ಟು ಗಂಟೆ ಕೂಡ ಬಹುಪಾಲು ಬಂತು, ಆದರೆ ಇನ್ನೂ ಒಂದಿಷ್ಟು ಕಡಿಮೆ ಇದೆ. ಒಟ್ಟು, ರಾತ್ರಿ ಎರಡೂ ಕಡಿಮೆಯೇ. ರೌಂಡಿಂಗ್ ಅಂತ ಹೇಳುವ ಹಾಗಿಲ್ಲ, ಪೂರ್ತಿ ಪೂರ್ತಿ ಹಾರಾಟಗಳೇ ಹೋದಷ್ಟು. ಎಂಟ್ರಿಗಳಂತೂ ಎಲ್ಲ ಇವೆ. ಏನಿರಬಹುದು?

ರಾತ್ರಿಪಾಳಿ

ಯುಟಿಸಿ ಮಧ್ಯರಾತ್ರಿ ದಾಟಿದ ಹಾರಾಟಗಳನ್ನು ನೋಡಿ. 22:50ಕ್ಕೆ ಹೊರಟು 01:10ಕ್ಕೆ ನಿಂತರೆ ಕೆಟ್ಟ ಆ್ಯಪ್ ಕಳೆಯುವ ಲೆಕ್ಕ ಮಾಡಿ ಮೈನಸ್ ಬರಿಸುತ್ತದೆ.

ಬಲಸೀಟು

ಅವು ಸರಿ ಇವೆ. 2:20 ಅಂತಲೇ ತೋರಿಸುತ್ತಿದೆ.

ಕೋಡ್‌ಗಾರ

ಆನ್-ಬ್ಲಾಕ್ ಸರಿಯಾಗಿ 00:00 ಇರುವ ಎಂಟ್ರಿಗಳನ್ನು ಹುಡುಕಿ. ಆಫ್-ಬ್ಲಾಕ್ 00:00 ಇರುವವನ್ನೂ.

ಬಲಸೀಟು

ಅಯ್ಯೋ, ಹೌದು! ಅವುಗಳ ಅವಧಿ ಖಾಲಿ ಇದೆ! ನಿಮಗೆ ಹೇಗೆ ಗೊತ್ತಾಯಿತು ಸರ್?

ಕೋಡ್‌ಗಾರ

ತುಂಬಾ ಹಳೆಯ ತಪ್ಪು ಇದು. ಸಮಯವನ್ನು ದಿನದ ಶುರುವಿನಿಂದ ಎಷ್ಟು ನಿಮಿಷ ಅಂತ ಇಟ್ಟರೆ ಮಧ್ಯರಾತ್ರಿ ಅಂದರೆ 0. "ಸಮಯ ತುಂಬಿದೆಯಾ?" ಅಂತ ಕೋಡ್ ಪರೀಕ್ಷಿಸುವಾಗ ಎಷ್ಟೋ ಭಾಷೆಗಳಲ್ಲಿ 0 ಅಂದರೆ "ಇಲ್ಲ" ಅಂತಲೇ ಅರ್ಥ. ಹಾಗಾಗಿ ಮಧ್ಯರಾತ್ರಿಗೆ ನಿಂತ ವಿಮಾನ ಅದರ ಪಾಲಿಗೆ ನಿಲ್ಲಲೇ ಇಲ್ಲ. ಹಾರಾಟದ ಅವಧಿ ಸೊನ್ನೆ. ಇದನ್ನು ಹೀಗೇ ಬರೆದು ತಯಾರಕರಿಗೆ ಕಳಿಸಿ, ಜೊತೆಗೆ ಒಂದು ಎಂಟ್ರಿಯ ಚಿತ್ರ ಇರಲಿ. "ಲೆಕ್ಕ ತಪ್ಪಿದೆ" ಅಂದರೆ ಮತ್ತೆ ತೆಗೆದು ಹಾಕಿ ಅನ್ನುತ್ತಾರೆ. ಇಷ್ಟು ಬಿಡಿಸಿ ಹೇಳಿದರೆ ತಪ್ಪು ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಡ.

ಮೋಡದಾಚೆ

ಅಲ್ಲಿಯ ತನಕ ಅವನ್ನು 00:01 ಅಂತ ಬದಲಿಸಿಬಿಡಿ, ಒಂದು ನಿಮಿಷ ತಾನೇ.

ಪಾಠದ_ಟೀಚರ್

ಬೇಡವೇ ಬೇಡ! ಏರ್‌ಲೈನ್ ದಾಖಲೆಯಲ್ಲಿ 00:00 ಇದ್ದು ಇವರ ಪುಸ್ತಕದಲ್ಲಿ 00:01 ಇದ್ದರೆ, ತಾಳೆ ನೋಡುವವರಿಗೆ ಕಾಣುವುದು ಬಗ್ ಅಲ್ಲ, ಪೈಲಟ್ ತಿದ್ದಿದ ಎಂಟ್ರಿ. ಸಾಫ್ಟ್‌ವೇರ್‌ಗಾಗಿ ನಿಜವಾದ ಸಮಯವನ್ನು ಬದಲಿಸಬಾರದು.

ಬಲಸೀಟು

ಹಾಗೆ ಮಾಡುವುದಿಲ್ಲ ಮೇಡಂ. ಅರ್ಜಿಯಲ್ಲಿ ಯಾವ ಲೆಕ್ಕ ಬರೆಯಲಿ ಅಂತ ಮಾತ್ರ ಉಳಿದಿದೆ.

ಹಳೇ_ಚಕ್ರ

ಆ್ಯಪ್ ತೋರಿಸುವ ಎರಡು ಮೊತ್ತಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಇಲ್ಲ. ಆಫ್-ಬ್ಲಾಕ್, ಆನ್-ಬ್ಲಾಕ್ ಎರಡು ಕಾಲಮ್ ನಿಮ್ಮ ಬಳಿ ಇವೆ. ಅವುಗಳಿಂದ ನಿಮಿಷಗಳಲ್ಲಿ ಹೊಸದಾಗಿ ಕೂಡಿಸಿ, ಕೊನೆಗೆ 60ರಿಂದ ಭಾಗಿಸಿ. ಅದೇ ನಿಮ್ಮ ಒಟ್ಟು ಗಂಟೆ. ಏರ್‌ಲೈನ್‌ನಿಂದ ನಿಮ್ಮ ಬ್ಲಾಕ್ ಸಮಯದ ಪ್ರತಿ ಸಿಕ್ಕರೆ ತಿಂಗಳು ತಿಂಗಳಾಗಿ ತಾಳೆ ನೋಡಿ. ಸಿಮ್ಯುಲೇಟರ್ ಗಂಟೆ ಒಟ್ಟು ಹಾರಾಟದೊಳಗೆ ಸೇರಿಲ್ಲ ಅಂತಲೂ ಖಚಿತ ಮಾಡಿಕೊಳ್ಳಿ, ಕೆಲವು ಆ್ಯಪ್ ಕೇಳದೆ ಸೇರಿಸುತ್ತವೆ. ರಾತ್ರಿಯ 100 ಗಂಟೆ ಅಂಚಿನಲ್ಲಿದ್ದರೆ ಇನ್ನು ಕೆಲವು ರಾತ್ರಿ ಸೆಕ್ಟರ್ ಹಾರಿ ಆಮೇಲೆ ಅರ್ಜಿ ಹಾಕಿ. ಅದು ಅಂದಾಜಿನ ಲೆಕ್ಕ, ಅಂದಾಜಿನ ಅಂಚಿನಲ್ಲಿ ನಿಂತು ಸಹಿ ಹಾಕಬೇಡಿ.

ಕಾಗದವೇ_ಗಟ್ಟಿ

ಈ ಮಾತಿಗೆ ನನ್ನದೂ ಒಪ್ಪಿಗೆ. ಲೆಕ್ಕ ಮುಗಿದ ಮೇಲೆ ಪ್ರಿಂಟ್ ತೆಗೆದು ಪುಟ ಪುಟಕ್ಕೂ ಸಹಿ ಹಾಕಿಡಿ.

ಬಲಸೀಟು

ನಿಮಿಷಗಳ ಲೆಕ್ಕ ಶುರು ಮಾಡಿದ್ದೇನೆ. ತಯಾರಕರಿಗೂ 00:00ರ ವಿಷಯ ಬರೆದೆ, ಈ ಸಲ ಉತ್ತರ ಬೇಗ ಬಂತು, ತಪ್ಪು ಸಿಕ್ಕಿದೆ ಎಂದಿದ್ದಾರೆ. ಅರ್ಜಿಯನ್ನು ಮುಂದಿನ ರೋಸ್ಟರ್ ಮುಗಿಯುವ ತನಕ ತಡೆಯುತ್ತೇನೆ.

ರೋಸ್ಟರ್_ರಾಯ

ನನ್ನದರಲ್ಲೂ ಹುಡುಕಿದೆ, 00:00 ಎಂಟ್ರಿಗಳಿವೆ, ಆದರೆ ಅವಧಿ ಸರಿ ಇದೆ. ನಮ್ಮ ಕಂಪನಿಯ ಫೈಲ್‌ನಲ್ಲಿ ಕೆಲವು ಕಡೆ 24:00 ಅಂತ ಬರುತ್ತದೆ. ಅದನ್ನು ಹಾಗೇ ಬಿಡಲಾ?

ಕೋಡ್‌ಗಾರ

ಬಿಡಬೇಡಿ. 24:00 ಅಂದರೆ ಹಿಂದಿನ ದಿನದ ಕೊನೆ, 00:00 ಅಂದರೆ ಮುಂದಿನ ದಿನದ ಶುರು. ಕ್ಷಣ ಒಂದೇ, ತಾರೀಕು ಬೇರೆ. ಕೆಲವು ಆ್ಯಪ್ 24:00 ಕಂಡರೆ ಆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತವೆ. 00:00 ಮಾಡಿ, ಇಳಿದ ತಾರೀಕನ್ನು ಒಂದು ದಿನ ಮುಂದಕ್ಕೆ ಹಾಕಿ. ಸೇರಿಸಿದ ಮೇಲೆ ಫೈಲ್‌ನಲ್ಲಿ ಎಷ್ಟು ಸಾಲಿತ್ತು, ಆ್ಯಪ್‌ನಲ್ಲಿ ಎಷ್ಟು ಬಂತು ಅಂತ ಎಣಿಸಿ ನೋಡಿ.